ಹೊಸಿಲಿನ ಎರಡೂ ಬದಿ: ವಲಸೆ ಕುಟುಂಬಗಳ ಹರೆಯದ ಸಿನಿಮಾಗಳನ್ನು ಮನೆಮಂದಿಯ ಜೊತೆ ನೋಡುವುದು ಹೇಗೆ

‘ದಿ ನೇಮ್‌ಸೇಕ್’ ಸಿನಿಮಾದ ಆರಂಭದಲ್ಲಿ ಒಂದು ದೃಶ್ಯ ಬರುತ್ತದೆ. ಕೋಲ್ಕತ್ತಾದ ಒಂದು ಮನೆ. ಒಳಗೆ ಹೆಣ್ಣು ನೋಡಲು ಬಂದವರು ಕೂತಿದ್ದಾರೆ. ಸೀರೆ ಉಟ್ಟು ಸಿದ್ಧಳಾದ ಆಶಿಮಾ ಬಾಗಿಲ ಬಳಿ ಬರುತ್ತಾಳೆ. ಅಲ್ಲಿ ಹುಡುಗ ಬಿಚ್ಚಿಟ್ಟ ಶೂ ಇದೆ, ಅಮೆರಿಕದಿಂದ ಬಂದ ಶೂ. ಹುಡುಗನ ಮುಖವನ್ನೇ ಅವಳಿನ್ನೂ ಕಂಡಿಲ್ಲ. ಯಾರೂ ನೋಡುತ್ತಿಲ್ಲ ಎಂದುಕೊಂಡು ಮೆಲ್ಲಗೆ ಅದರೊಳಗೆ ತನ್ನ ಕಾಲು ತೂರಿಸುತ್ತಾಳೆ.

ಕಳೆದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಈ ಸಿನಿಮಾ ಹಾಕಿದಾಗ ಸೋಫಾದಲ್ಲಿ ಮೂರು ತಲೆಮಾರು ಕೂತಿತ್ತು. ರಜೆಗೆ ಬಂದಿದ್ದ ಅಕ್ಕನ ಮಗಳು, ಹದಿನೈದರವಳು, ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲಿ. ಅವಳ ಪಕ್ಕದಲ್ಲಿ ನನ್ನ ಅಮ್ಮ, ಎಪ್ಪತ್ತು ದಾಟಿದವಳು. ಶೂ ದೃಶ್ಯಕ್ಕೆ ಹುಡುಗಿ ‘ಸೋ ಸ್ವೀಟ್’ ಅಂದಳು. ಅಮ್ಮ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ಸಾರು ಬಡಿಸುತ್ತ, ತಾನಾಗಿಯೇ ಬಾಯಿಬಿಟ್ಟಳು. 1974ರಲ್ಲಿ ಮದುವೆಯಾಗಿ ಮುಂಬೈಯ ಮಾಟುಂಗಾಕ್ಕೆ ಹೋದಾಗ ಅವಳಿಗೆ ಇಪ್ಪತ್ತು. ಮರಾಠಿ ಒಂದಕ್ಷರ ಬಾರದು. ಮೊದಲ ವಾರ ಅಂಗಡಿಗೆ ಹೋಗಿ ಹುಣಸೆಹಣ್ಣು ಕೇಳಬೇಕು, ಅದಕ್ಕೆ ಅಲ್ಲಿ ‘ಚಿಂಚ್’ ಅನ್ನುತ್ತಾರೆ ಅಂತ ಗೊತ್ತಿಲ್ಲ. ಕಣ್ಣು ಮುಚ್ಚಿ ನಾಲಿಗೆ ಚಪ್ಪರಿಸಿ ಹುಳಿ ಅಂತ ಮುಖದಲ್ಲೇ ತೋರಿಸಿದ್ದಳಂತೆ. ಅಂಗಡಿಯವನು ನಿಂಬೆಹಣ್ಣು ಕೊಟ್ಟ. ಮನೆಗೆ ಬಂದು ಅದೇ ನಿಂಬೆಹಣ್ಣು ಹಿಂಡಿ ಸಾರು ಮಾಡಿದಳು. ‘ಅಜ್ಜಿ, ನೀನು ಅಳಲಿಲ್ವಾ?’ ಅಂತ ಮೊಮ್ಮಗಳು ಕೇಳಿದಳು. ‘ಅತ್ತಿದ್ದೆ, ಸಾರು ಇಳಿಸಿದ ಮೇಲೆ’ ಅಂದಳು ಅಮ್ಮ. ಈ ಕತೆ ನಾನೂ ಅವತ್ತೇ ಕೇಳಿದ್ದು.

ವಲಸೆ ಕುಟುಂಬದ ಹರೆಯದ ಪ್ರೇಮದ ಸಿನಿಮಾ ಅಂದರೆ ಮಗಳು ಯಾರನ್ನೋ ಪ್ರೀತಿಸುತ್ತಾಳೆ, ಅಪ್ಪ ಅಮ್ಮ ಬೇಡ ಅನ್ನುತ್ತಾರೆ, ಕೊನೆಗೆ ಒಪ್ಪುತ್ತಾರೆ ಎಂದು ಎಲ್ಲರೂ ತಿಳಿದಿರುತ್ತೇವೆ. ನೋಡುತ್ತ ನೋಡುತ್ತ ನನಗೆ ಮನದಟ್ಟಾದದ್ದು ಬೇರೆ. ಈ ಸಿನಿಮಾಗಳಲ್ಲಿ ಹರೆಯ ಎರಡಿರುತ್ತದೆ. ಒಂದು ಮಕ್ಕಳದ್ದು, ಪರದೆಯ ಮೇಲೆ ಎದ್ದು ಕಾಣುವಂಥದ್ದು. ಇನ್ನೊಂದು ಅಪ್ಪ ಅಮ್ಮನದು, ಬೇರೆ ಊರಲ್ಲಿ ಬೇರೆ ಭಾಷೆಯಲ್ಲಿ ನಡೆದು ಅರ್ಧಕ್ಕೇ ನಿಂತದ್ದು. ಎರಡನ್ನೂ ಕಾಣುವ ಹಾಗೆ ಕೂತು ನೋಡುವುದು ಒಂದು ಅಭ್ಯಾಸ. ಹೇಗೆ ಮಾಡಿಕೊಳ್ಳಬಹುದು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳನ್ನೂ, ದೆಹಲಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಹೊರನಾಡ ಕನ್ನಡಿಗರ ಮನೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಹೆಜ್ಜೆ 1: ಕೋಣೆಯಲ್ಲಿ ಯಾರಿದ್ದಾರೆ ನೋಡಿ ಸಿನಿಮಾ ಆರಿಸಿ

ಒಳ್ಳೆಯ ಸಿನಿಮಾ ಯಾವುದು ಎಂದು ಹುಡುಕುವ ಮೊದಲು ಕೂರುವವರು ಯಾರು ಎಂದು ಎಣಿಸಿ. ಹದಿಮೂರರ ಹುಡುಗ, ನಲವತ್ತೈದರ ಅಪ್ಪ, ಎಪ್ಪತ್ತರ ಅಜ್ಜಿ ಒಟ್ಟಿಗೆ ಕೂರುವುದಾದರೆ ಗುರಿಂದರ್ ಚಡ್ಢಾ ಅವರ ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’ (2002) ಅತ್ಯುತ್ತಮ ಆರಂಭ. ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್‌ಲೋದ ಪಂಜಾಬಿ ಸಿಖ್ ಮನೆ, ಫುಟ್‌ಬಾಲ್ ಹುಚ್ಚಿನ ಹುಡುಗಿ ಜೆಸ್, ಅಕ್ಕನ ಮದುವೆ, ಐರಿಶ್ ಕೋಚ್ ಮೇಲೆ ಮೂಡುವ ಪ್ರೀತಿ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 ಗುರುತಿದೆ, ಅಂದರೆ ಹದಿಮೂರರೊಳಗಿನವರಿಗೆ ತೋರಿಸುವ ಮೊದಲು ಹೆತ್ತವರು ಯೋಚಿಸಲಿ ಎಂದು. ಮೀರಾ ನಾಯರ್ ಅವರ ‘ದಿ ನೇಮ್‌ಸೇಕ್’ (2006), ಆಲಿಸ್ ವೂ ಅವರ ‘ದಿ ಹಾಫ್ ಆಫ್ ಇಟ್’ (2020), ಸೆಲಿನ್ ಸಾಂಗ್ ಅವರ ‘ಪಾಸ್ಟ್ ಲೈವ್ಸ್’ (2023) ಕೂಡ ಪಿಜಿ-13.

ಮೀರಾ ನಾಯರ್ ಅವರದೇ ‘ಮಿಸಿಸಿಪ್ಪಿ ಮಸಾಲಾ’ (1991) ಇವೆಲ್ಲಕ್ಕಿಂತ ಆಳವಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಆರ್ ಗುರುತಿದೆ, ಅಂದರೆ ಹದಿನೇಳರೊಳಗಿನವರು ದೊಡ್ಡವರ ಜೊತೆಯಲ್ಲೇ ನೋಡಬೇಕು; ಹಾಸಿಗೆಯ ದೃಶ್ಯಗಳಿವೆ. ದೊಡ್ಡವರಷ್ಟೇ ಕೂರುವ ರಾತ್ರಿಗೆ ಇಟ್ಟುಕೊಳ್ಳಿ. ಶಾನ್ ವಾಂಗ್ ಅವರ ‘ಡೀಡಿ’ (2024) ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 2008ರ ಬೇಸಿಗೆಯಲ್ಲಿ ನಡೆಯುವ, ಹದಿಮೂರರ ತೈವಾನ್ ಮೂಲದ ಹುಡುಗನ ಕತೆ. ಹುಡುಗರ ಬಾಯಲ್ಲಿ ಬೈಗುಳ ಧಾರಾಳ, ಅದಕ್ಕೂ ಆರ್ ಗುರುತೇ. ಅದರ ಅಜ್ಜಿಯ ಪಾತ್ರ ಮಾಡಿದವರು ನಿರ್ದೇಶಕರ ಸ್ವಂತ ಅಜ್ಜಿ. ಒಮ್ಮೆ ಒಬ್ಬರೇ ನೋಡಿ, ಮನೆಯಲ್ಲಿರುವ ಹುಡುಗನಿಗೆ ತೋರಿಸಬಹುದೋ ಬೇಡವೋ ನೀವೇ ತೀರ್ಮಾನಿಸಿ.

ಸಬ್‌ಟೈಟಲ್ ಓದಲು ಹಿಂಜರಿಯುವ ಹಿರಿಯರಿದ್ದರೆ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ (1997) ಒಂದು ಒಳ್ಳೆಯ ಮುನ್ನುಡಿ. ಬಾಲ್ಯದ ಮೂವರು ಗೆಳೆಯರಲ್ಲಿ ಒಬ್ಬ ಕಡಲಾಚೆ ಹೋದಾಗ ಉಳಿದವರ ಪ್ರೀತಿ, ಬದುಕು ಏನಾಗುತ್ತದೆ ಎನ್ನುವುದು ಅದರ ವಸ್ತು. ಬೆಳೆದು ದೊಡ್ಡವರಾಗಿ ಹೋದವರ ಕತೆ ಅದು, ಅಲ್ಲೇ ಹುಟ್ಟಿದ ಮಕ್ಕಳದ್ದಲ್ಲ. ಆದರೆ ಅಪ್ಪ ಅಮ್ಮ ಯಾವ ಮನಸ್ಸು ಹೊತ್ತು ಹೊರಟರು ಎಂಬುದನ್ನು ನಮ್ಮದೇ ಭಾಷೆಯಲ್ಲಿ ಕಾಣಬಹುದು.

ಹೆಜ್ಜೆ 2: ಎರಡು ಊರು, ಎರಡು ಇಸವಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಅಪ್ಪ ಅಮ್ಮ ಬಿಟ್ಟ ಊರು ಮತ್ತು ಬಿಟ್ಟ ಇಸವಿ. ಬಲಕ್ಕೆ ಮಕ್ಕಳು ಬೆಳೆಯುತ್ತಿರುವ ಊರು ಮತ್ತು ಕತೆ ನಡೆಯುವ ಇಸವಿ. ಇಡೀ ಅಭ್ಯಾಸದಲ್ಲಿ ಇದರಷ್ಟು ಉಪಯುಕ್ತ ಕೆಲಸ ಬೇರಿಲ್ಲ. ಬಿಟ್ಟು ಬಂದವರ ಪಾಲಿಗೆ ಊರು ಬಿಟ್ಟ ದಿನಕ್ಕೇ ನಿಂತಿರುತ್ತದೆ. ಊರು ತಾನು ಬದಲಾಗಿದ್ದರೂ ಅವರ ಎದೆಯೊಳಗಿನ ಊರಿನ ಕ್ಯಾಲೆಂಡರ್ ತಿರುವಿ ಹಾಕುವವರು ಯಾರೂ ಇರುವುದಿಲ್ಲ. ಮಗಳ ಜೊತೆ ಜಗಳ ಬಂದಾಗ ಅವರು ಮಾತಾಡುವುದು ಆ ಇಸವಿಯಲ್ಲಿ ನಿಂತು.

‘ಮಿಸಿಸಿಪ್ಪಿ ಮಸಾಲಾ’ವನ್ನು ಈ ಹಾಳೆಯ ಮೇಲಿಟ್ಟು ನೋಡೋಣ. ಎಡಗಡೆ: ಕಂಪಾಲಾ, ಉಗಾಂಡ, 1972. ಆ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ದೇಶದಲ್ಲಿದ್ದ ಏಷ್ಯಾ ಮೂಲದವರಿಗೆ 90 ದಿನದೊಳಗೆ ಹೊರಡಲು ಆಜ್ಞೆ ಮಾಡಿದ. ಬ್ರಿಟಿಷರ ಕಾಲದಲ್ಲಿ ರೈಲು ಹಳಿ ಹಾಕಲು, ವ್ಯಾಪಾರ ಮಾಡಲು ಪೂರ್ವ ಆಫ್ರಿಕಕ್ಕೆ ಹೋಗಿ ಅಲ್ಲೇ ಬೇರುಬಿಟ್ಟ ಗುಜರಾತಿ, ಪಂಜಾಬಿ ಮನೆಗಳು ಬರಿಗೈಯಲ್ಲಿ ಹೊರಟವು. ಬಹಳ ಜನ ಬ್ರಿಟನ್ನಿಗೆ ಹೋದರು. ಸಿನಿಮಾದ ಜಯ್ ವಕೀಲ. ಹುಟ್ಟಿದ್ದೇ ಉಗಾಂಡದಲ್ಲಿ, ಅದೇ ತನ್ನ ದೇಶ ಎಂದು ನಂಬಿದವನು. ಆಫ್ರಿಕ ಇನ್ನು ಕಪ್ಪು ಜನರದು ಎಂದು ಅವನಿಗೆ ಹೇಳುವವನು ಬೇರೆ ಯಾರೂ ಅಲ್ಲ, ಬಾಲ್ಯದ ಗೆಳೆಯ ಒಕೆಲೊ. ಆ ಮಾತನ್ನು ಜಯ್ ಕ್ಷಮಿಸುವುದಿಲ್ಲ. ಗೆಳೆಯನ ಮುಖ ಸರಿಯಾಗಿ ನೋಡದೆಯೇ ಬಸ್ಸು ಹತ್ತುತ್ತಾನೆ.

ಬಲಗಡೆ: ಗ್ರೀನ್‌ವುಡ್, ಮಿಸಿಸಿಪ್ಪಿ, 1990. ಮೋಟೆಲ್ ನಡೆಸುವ ಸಂಬಂಧಿಕರ ಆಸರೆಯಲ್ಲಿ ಸಂಸಾರ. ಹೆಂಡತಿ ಕಿನ್ನು ಮದ್ಯದಂಗಡಿ ನೋಡಿಕೊಳ್ಳುತ್ತಾಳೆ. ಆ ಪಾತ್ರ ಶರ್ಮಿಳಾ ಟಾಗೋರ್ ಅವರದು. ಜಯ್ ಇವತ್ತಿಗೂ ಕಳೆದುಕೊಂಡ ಆಸ್ತಿಗಾಗಿ ಉಗಾಂಡ ಸರ್ಕಾರಕ್ಕೆ ಪತ್ರ ಬರೆಯುತ್ತಿದ್ದಾನೆ. ಮಗಳು ಮೀನಾಗೆ ಇಪ್ಪತ್ನಾಲ್ಕು. ರಗ್ಗು, ಕಾರ್ಪೆಟ್ ತೊಳೆಯುವ ಕೆಲಸದ ಕಪ್ಪು ಯುವಕ ಡಿಮಿಟ್ರಿಯಸ್‌ನ ವ್ಯಾನಿಗೆ ಅವಳ ಕಾರು ಹಿಂದಿನಿಂದ ಗುದ್ದುವುದರಿಂದ ಅವರ ಪರಿಚಯ ಶುರು. ಈ ಬಲಗಡೆಯಲ್ಲೇ ಇನ್ನೂ ಒಂದು ಇಸವಿ ಬರೆದುಕೊಳ್ಳಿ: 1967. ಜನಾಂಗ ಮೀರಿದ ಮದುವೆಯನ್ನು ನಿಷೇಧಿಸಿದ್ದ ರಾಜ್ಯಗಳ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಆ ವರ್ಷ. ಕತೆ ನಡೆಯುವ ಹೊತ್ತಿಗೆ ಅದು ಬರೀ 23 ವರ್ಷ ಹಳೆಯದು.

ಈಗ ಜಯ್‌ಗೂ ಡಿಮಿಟ್ರಿಯಸ್‌ಗೂ ಮುಖಾಮುಖಿಯಾಗುವ ದೃಶ್ಯ ನೋಡಿ. ತಾನು ಪಟ್ಟ ಪಾಡು ಮಗಳಿಗೆ ಬೇಡ ಎನ್ನುತ್ತಾನೆ ಅಪ್ಪ. ಮಿಸಿಸಿಪ್ಪಿಯಲ್ಲಿ ಹುಟ್ಟಿ ಬೆಳೆದ ಕಪ್ಪು ಗಂಡಸಿಗೆ ಪಾಡು ಅಂದರೇನು ಅಂತ ನೀನು ಹೇಳಿಕೊಡಬೇಕಿಲ್ಲ ಎಂಬರ್ಥದ ಉತ್ತರ ಬರುತ್ತದೆ. ಹಾಳೆ ಕೈಯಲ್ಲಿಲ್ಲದಿದ್ದರೆ ಇದು ಜನಾಂಗದ ಅಹಂಕಾರ ಮತ್ತು ಅದಕ್ಕೆ ಬಿದ್ದ ಪೆಟ್ಟು, ಅಷ್ಟೇ. ಅಹಂಕಾರ ಇರುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಹಾಳೆ ಇದ್ದರೆ ಇನ್ನೊಂದೂ ಕಾಣುತ್ತದೆ: ಜಯ್ ಎದುರಿಗೆ ನಿಂತಿರುವುದು ಮಗಳ ಪ್ರಿಯಕರ, ಜಯ್ ನೋಡುತ್ತಿರುವುದು 1972ರ ಒಕೆಲೊನನ್ನು. ಕೊನೆಗೆ ಅವನು ಕಂಪಾಲಾಕ್ಕೆ ಹೋಗುತ್ತಾನೆ. ಒಕೆಲೊ ಆ ವರ್ಷವೇ ಸತ್ತಿದ್ದ, ಕೊಂದುಬಿಟ್ಟಿದ್ದರು ಎಂದು ಅಲ್ಲಿ ತಿಳಿಯುತ್ತದೆ. ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡದ್ದು ಒಬ್ಬ ಸತ್ತವನ ಮೇಲೆ. ಆ ಹೊತ್ತಿಗೆ ಮೀನಾ ಡಿಮಿಟ್ರಿಯಸ್ ಜೊತೆ ವ್ಯಾನಿನಲ್ಲಿ ಹೊರಟಾಗಿದೆ.

ಹೆಜ್ಜೆ 3: ಸಬ್‌ಟೈಟಲ್ ಮೊದಲೇ ಪರೀಕ್ಷಿಸಿ

ಇದು ಸಣ್ಣ ವಿಷಯ, ಆದರೆ ಸಂಜೆ ಕೆಡುವುದು ಇದರಿಂದಲೇ. ಇಂಥ ಸಿನಿಮಾದಲ್ಲಿ ಮನೆಯೊಳಗೆ ಒಂದು ಭಾಷೆ, ಹೊರಗೆ ಇಂಗ್ಲಿಷ್. ಸಬ್‌ಟೈಟಲ್ ಪೂರ್ತಿ ಆಫ್ ಮಾಡಿದರೆ ಕೆಲವು ಕಡೆ ಬೆಂಗಾಲಿ, ಪಂಜಾಬಿ, ಕೊರಿಯನ್ ಮಾತುಗಳ ಅನುವಾದವೂ ಹೋಗಿಬಿಡುತ್ತದೆ. ಕಿವಿ ಕೇಳದವರಿಗಾಗಿ ಮಾಡಿದ ಸಿಸಿ ಸಬ್‌ಟೈಟಲ್ ಆರಿಸಿದರೆ ಕೆಲವೊಮ್ಮೆ ‘ಕೊರಿಯನ್‌ನಲ್ಲಿ ಮಾತಾಡುತ್ತಿದ್ದಾರೆ’ ಎಂಬಷ್ಟೇ ಬಂದು ಏನು ಮಾತಾಡಿದರೆಂದು ತಿಳಿಯುವುದಿಲ್ಲ. ಹಿಂದಿನ ದಿನವೇ ಮನೆಯೊಳಗಿನ ಒಂದು ದೃಶ್ಯ ಹಾಕಿ ಎರಡು ನಿಮಿಷ ನೋಡಿ, ಯಾವುದು ಸರಿ ಬರುತ್ತದೋ ಅದನ್ನು ಗುರುತಿಟ್ಟುಕೊಳ್ಳಿ.

ಓದಲಾಗದ ಹಿರಿಯರಿಗೆ ಪಕ್ಕದಲ್ಲಿ ಕೂತು ಸಾಲುಸಾಲು ಪಿಸುಗುಟ್ಟುವುದು ಇಬ್ಬರಿಗೂ ಹಿಂಸೆ. ಅದರ ಬದಲು ಮಧ್ಯಾಹ್ನವೇ ಪೂರ್ತಿ ಕತೆ ಹೇಳಿಬಿಡಿ, ಅಂತ್ಯವನ್ನೂ ಸೇರಿಸಿ. ಸ್ವಾರಸ್ಯ ಕೆಡುವುದಿಲ್ಲವೇ ಎಂದು ಮಕ್ಕಳು ಗಲಾಟೆ ಮಾಡುತ್ತಾರೆ. ವಾಲಿ ಸಾಯುತ್ತಾನೆ ಎಂದು ಗೊತ್ತಿದ್ದೇ ನಮ್ಮ ಅಜ್ಜಿಯರು ಬೆಳಗಿನ ಜಾವದವರೆಗೆ ಯಕ್ಷಗಾನ ನೋಡಿದವರು. ಕತೆ ಗೊತ್ತಿದ್ದರೆ ಅವರ ಕಣ್ಣು ನೇರವಾಗಿ ಮುಖಗಳ ಮೇಲೆ ಹೋಗುತ್ತದೆ. ಅಮ್ಮ ನೋಡಿದ್ದು ಹಾಗೆಯೇ, ನಮಗಿಂತ ಹೆಚ್ಚು ಕಂಡದ್ದೂ ಅವಳೇ.

ಭಾಷೆ ಬದಲಾಗುವ ಕ್ಷಣಗಳನ್ನು ಹಿಡಿಯುವುದು ಇದರ ಮುಂದಿನ ಹಂತ. ಯಾರು ಯಾವಾಗ ಇಂಗ್ಲಿಷಿಗೆ ಜಾರುತ್ತಾರೆ? ಯಾರು ಸಿಟ್ಟು ಬಂದಾಗ ಮನೆಮಾತಿಗೆ ಬರುತ್ತಾರೆ? ‘ದಿ ಹಾಫ್ ಆಫ್ ಇಟ್’ನಲ್ಲಿ ಎಲ್ಲಿ ಚೂ ಎಂಬ ಹುಡುಗಿಯ ಅಪ್ಪ ಓದಿದ ಎಂಜಿನಿಯರ್. ಇಂಗ್ಲಿಷ್ ಸರಿಯಾಗಿ ಬಾರದೆ ಸಣ್ಣ ಊರಿನ ರೈಲ್ವೆ ಸ್ಟೇಷನ್‌ನಲ್ಲೇ ಉಳಿದಿದ್ದಾನೆ. ಹಳೆಯ ಸಿನಿಮಾ ನೋಡಿ ಭಾಷೆ ಕಲಿಯಲು ಕೂರುತ್ತಾನೆ. ಮಗಳ ಗೆಳೆಯ ಪಾಲ್‌ಗೆ ಅವನು ಒಮ್ಮೆ ಮಗಳ ಬಗ್ಗೆ ಎದೆಯಲ್ಲಿದ್ದುದನ್ನು ಹೇಳುತ್ತಾನೆ, ಚೀನೀ ಭಾಷೆಯಲ್ಲಿ. ಪಾಲ್‌ಗೆ ಆ ಭಾಷೆ ಬಾರದು. ಮಗಳ ಮುಂದೆ ಹೇಳಲಾಗದ್ದನ್ನು ಭಾಷೆ ತಿಳಿಯದ ಹುಡುಗನ ಮುಂದೆ ಹೇಳಿಬಿಡುವುದು, ಆ ಹುಡುಗ ಅಡುಗೆ ಮಾಡುತ್ತ ಕೇಳುತ್ತ ನಿಲ್ಲುವುದು, ಇಷ್ಟರಲ್ಲಿ ಒಂದು ಇಡೀ ವಲಸೆ ಇದೆ.

ಹೆಜ್ಜೆ 4: ಮುತ್ತಿನ ದೃಶ್ಯಕ್ಕೆ ರಿಮೋಟ್ ಮುಟ್ಟಬೇಡಿ

ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಪರದೆಯ ಮೇಲೆ ಇಬ್ಬರು ಹತ್ತಿರ ಬಂದರೆ ಅಪ್ಪನಿಗೆ ನೀರು ಬೇಕಾಗುತ್ತದೆ, ಅಮ್ಮನಿಗೆ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತದೆ, ಯಾರೋ ಫಾರ್ವರ್ಡ್ ಮಾಡುತ್ತಾರೆ. ಫಾರ್ವರ್ಡ್ ಮಾಡಿದರೆ ಮಕ್ಕಳಿಗೆ ಕೇಳಿಸುವುದು ಒಂದೇ: ಈ ಮನೆಯಲ್ಲಿ ಇದರ ಮಾತಿಲ್ಲ. ಸಿನಿಮಾದೊಳಗಿನ ಹುಡುಗಿ ಮನೆಯಲ್ಲಿ ಸುಳ್ಳು ಹೇಳಿ ಹೋಗುವುದೂ ಇದೇ ಕಾರಣಕ್ಕೆ.

ಮಾಡಬೇಕಾದದ್ದು ಇಷ್ಟು. ನೀವು ಮೊದಲೇ ನೋಡಿಕೊಳ್ಳಿ. ಕೂರುವ ಮೊದಲು ‘ಇದರಲ್ಲಿ ಒಂದೆರಡು ಕಡೆ ಅಂಥ ದೃಶ್ಯ ಇದೆ, ಒಂದು ನಿಮಿಷದ್ದು, ನಿಲ್ಲಿಸದೆ ನೋಡೋಣ’ ಎಂದು ಮಾಮೂಲಿ ದನಿಯಲ್ಲಿ ಹೇಳಿ. ಹೇಳಿದ್ದೇ ಆ ನಿಮಿಷದ ಅರ್ಧ ಭಾರ ಇಳಿಯುತ್ತದೆ. ಬಂದಾಗ ಯಾರ ಮುಖವನ್ನೂ ನೋಡಬೇಡಿ, ಮುಗಿದಾಗ ಏನೂ ಹೇಳಬೇಡಿ.

ಹೆಜ್ಜೆ 5: ಮೊದಲ ಸಲ ಮಕ್ಕಳ ಜೊತೆ ಓಡಿ

ಮೊದಲ ಬಾರಿ ನಿಲ್ಲಿಸದೆ, ಪಾಠ ಹೇಳದೆ ನೋಡಿ. ಇದು ಮಕ್ಕಳ ಪಾಳಿ. ಜೆಸ್ ಕದ್ದು ಆಡಲು ಹೋಗುವಾಗ ಅವಳ ಜೊತೆ ಓಡಿ. ‘ದಿ ನೇಮ್‌ಸೇಕ್’ನಲ್ಲಿ ಆಶಿಮಾಳ ಮಗ ಗೋಗೋಲ್ ತನ್ನ ಹೆಸರಿಗೆ ನಾಚುವಾಗ ಜೊತೆಗೆ ನಾಚಿ. ಹದಿನೈದರ ಹುಡುಗಿ ಪಕ್ಕದಲ್ಲಿ ಕೂತಿದ್ದರೆ ‘ನೋಡು, ಅಪ್ಪ ಅಮ್ಮನಿಗೆ ಎಷ್ಟು ನೋವಾಗುತ್ತೆ’ ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಬಂದರೆ ಎರಡನೇ ಸಿನಿಮಾಕ್ಕೆ ಅವಳು ಕೂರುವುದಿಲ್ಲ.

ಹೆಜ್ಜೆ 6: ಎರಡನೇ ಸಲ ಅಪ್ಪನನ್ನು, ಅಮ್ಮನನ್ನು ಹಿಂಬಾಲಿಸಿ

ಒಂದು ವಾರ ಬಿಟ್ಟು ಅದೇ ಸಿನಿಮಾ ಮತ್ತೆ ಹಾಕಿ. ಪೂರ್ತಿ ಬೇಡವೆನ್ನಿಸಿದರೆ ಆರಿಸಿದ ನಲವತ್ತು ನಿಮಿಷ ಸಾಕು. ಈ ಸಲ ಒಂದೇ ನಿಯಮ: ಪ್ರೇಮಿಗಳನ್ನು ಬಿಟ್ಟು ಹೆತ್ತವರನ್ನೇ ನೋಡುವುದು. ಅವರು ಮಾತಾಡದಿರುವಾಗ, ಚೌಕಟ್ಟಿನ ಅಂಚಿನಲ್ಲಿ ನಿಂತಿರುವಾಗ ಏನು ಮಾಡುತ್ತಾರೆ ಎಂದು.

‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’ನ ಅಪ್ಪ, ಅನುಪಮ್ ಖೇರ್ ಅವರ ಪಾತ್ರ, ಮೊದಲ ನೋಟಕ್ಕೆ ಮೃದು ಸ್ವಭಾವದ ಆದರೆ ಬೇಡ ಎನ್ನುವ ಅಪ್ಪ. ಅವರು ನೈರೋಬಿಯಲ್ಲಿ ವೇಗದ ಬೌಲರ್ ಆಗಿದ್ದರು. ಇಂಗ್ಲೆಂಡಿಗೆ ಬಂದಾಗ ಇಲ್ಲಿನ ಕ್ಲಬ್‌ಗಳಲ್ಲಿ ಪೇಟಾ ನೋಡಿ ಹಾಸ್ಯ ಮಾಡಿ ಆಚೆ ಕಳಿಸಿದರು. ಅವತ್ತು ಬಿಟ್ಟ ಚೆಂಡನ್ನು ಮತ್ತೆ ಮುಟ್ಟಲಿಲ್ಲ. ಇದನ್ನು ಸಿನಿಮಾ ಬಹಳ ಹೊತ್ತು ಹಿಗ್ಗಿಸುವುದಿಲ್ಲ, ಹಾಗಾಗಿ ಮೊದಲ ಸಲ ಜಾರಿಹೋಗುತ್ತದೆ. ಎರಡನೇ ಸಲ ಇದನ್ನು ಮೊದಲೇ ಕೈಯಲ್ಲಿಟ್ಟುಕೊಂಡು ನೋಡಿ. ಮಗಳು ಆಡುವುದನ್ನು ನೋಡಲು ಅವರು ಯಾರಿಗೂ ಹೇಳದೆ ಮೈದಾನಕ್ಕೆ ಬಂದು ದೂರ ನಿಲ್ಲುವಾಗ ಅವರ ಮುಖದಲ್ಲಿರುವುದು ಏನು? ಮಗಳು ಸೋತುಬಿಡುತ್ತಾಳೆ ಎಂಬ ಹೆದರಿಕೆಯೂ ಇದೆ, ಆಟ ಬಲ್ಲವನು ಇನ್ನೊಬ್ಬರ ಆಟ ಕಂಡಾಗ ಅರಳುವ ಹುಮ್ಮಸ್ಸೂ ಇದೆ. ಅಕ್ಕನ ಮದುವೆಯ ದಿನವೇ ಫೈನಲ್. ಮದುವೆ ಮನೆಯಿಂದ ಹೋಗಿ ಆಡಿ ಬಾ ಎಂದು ಅವರು ಕಳಿಸುತ್ತಾರೆ. ಮೈದಾನದಲ್ಲಿ ಫ್ರೀ ಕಿಕ್ ಹೊಡೆಯಲು ನಿಂತ ಜೆಸ್‌ಗೆ ಎದುರಿನ ಗೋಡೆಯಲ್ಲಿ ಆಟಗಾರ್ತಿಯರ ಬದಲು ಸೀರೆ, ಸಲ್ವಾರ್ ತೊಟ್ಟ ಬಂಧುಬಳಗದ ಹೆಂಗಸರು ಸಾಲಾಗಿ ನಿಂತಂತೆ ಕಾಣುತ್ತದೆ. ‘ನಾಲ್ಕು ಜನ ಏನಂತಾರೆ’ ಅನ್ನುತ್ತೇವಲ್ಲ, ಆ ನಾಲ್ಕು ಜನ. ಚೆಂಡು ಅವರನ್ನು ಬಳಸಿಕೊಂಡು ಹೋಗಬೇಕು.

ಸಿನಿಮಾದ ಕೊಟ್ಟಕೊನೆಯಲ್ಲಿ ಒಂದು ಸಣ್ಣ ತುಣುಕಿದೆ. ಬಹಳ ಜನ ಆ ಹೊತ್ತಿಗೆ ಎದ್ದುಬಿಡುತ್ತಾರೆ, ನೀವು ಕೂತಿರಿ. ಜೆಸ್ ಅಮೆರಿಕಕ್ಕೆ ಹೋಗಿಯಾಗಿದೆ. ತಲೆಯ ಮೇಲೆ ಹೀಥ್ರೋ ವಿಮಾನ. ಬಯಲಿನಲ್ಲಿ ಅಪ್ಪ ಬೌಲ್ ಮಾಡುತ್ತಿದ್ದಾರೆ, ಕೋಚ್ ಜೋ ಬ್ಯಾಟ್ ಹಿಡಿದು ನಿಂತಿದ್ದಾನೆ. ಎಷ್ಟೋ ವರ್ಷದ ಹಿಂದೆ ನಿಂತ ಹರೆಯ ಅಲ್ಲಿಂದ ಮತ್ತೆ ಓಡುತ್ತದೆ. ಮಗಳ ಪ್ರೀತಿಯ ಕತೆ ಒಂದು ಅಪ್ಪನಿಗೆ ಚೆಂಡು ವಾಪಸು ತಂದುಕೊಟ್ಟಿದೆ. ನನಗೆ ಇಡೀ ಸಿನಿಮಾದಲ್ಲಿ ಇದಕ್ಕಿಂತ ಪ್ರಿಯವಾದ ಚಿತ್ರವಿಲ್ಲ.

‘ದಿ ನೇಮ್‌ಸೇಕ್’ನಲ್ಲಿ ಈ ಕೆಲಸ ಇನ್ನೂ ಸುಲಭ, ಯಾಕೆಂದರೆ ಜುಂಪಾ ಲಾಹಿರಿಯವರ ಕಾದಂಬರಿಯನ್ನು ಸಿನಿಮಾ ಮಾಡುವಾಗ ಮೀರಾ ನಾಯರ್ ಅಪ್ಪ ಅಮ್ಮನ ಪ್ರೀತಿಗೆ ಬಹಳ ಜಾಗ ಕೊಟ್ಟಿದ್ದಾರೆ. ಕಾದಂಬರಿಯ ಬೋಸ್ಟನ್ ಇಲ್ಲಿ ನ್ಯೂಯಾರ್ಕ್ ಆಗಿದೆ. ಇರ್ಫಾನ್ ಖಾನ್ ಮತ್ತು ತಬು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದ, ಎಲ್ಲರೆದುರು ಮುಟ್ಟದ ಗಂಡಹೆಂಡತಿ. ಹೊಸದಾಗಿ ಬಂದ ಆಶಿಮಾ ಬೆಳಗಿನ ಅಕ್ಕಿ ಸೀರಿಯಲ್‌ಗೆ ಶೇಂಗಾ, ಮೆಣಸಿನಪುಡಿ ಬೆರೆಸಿ ಚುರುಮುರಿಯಂತೆ ಮಾಡಿಕೊಂಡು ಒಬ್ಬಳೇ ತಿನ್ನುತ್ತಾಳೆ. ಲಾಂಡ್ರಿಯಲ್ಲಿ ಗಂಡನ ಉಣ್ಣೆ ಬಟ್ಟೆ ಹಾಕಿ ಅದು ಕುಗ್ಗಿಹೋದಾಗ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಅಳುತ್ತಾಳೆ. ಗಂಡ ಬಾಗಿಲ ಹೊರಗೆ ನಿಂತು ಸಮಾಧಾನ ಮಾಡುತ್ತಾನೆ. ಮುಂದೆ ಮಗ ಗೋಗೋಲ್ ತನ್ನ ಗೆಳತಿ ಮ್ಯಾಕ್ಸಿನ್ ಜೊತೆ ಎಲ್ಲರೆದುರೂ ಮುತ್ತಿಡುವ ಪ್ರೀತಿಯನ್ನೂ ಈ ಬಚ್ಚಲ ಬಾಗಿಲಿನ ಪ್ರೀತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ನಿಜ, ಇನ್ನೊಂದು ಸುಳ್ಳು ಎಂದು ಸಿನಿಮಾ ಎಲ್ಲಿಯೂ ಹೇಳುವುದಿಲ್ಲ. ಆದರೆ ಮಗನಿಗೆ ಹೆತ್ತವರದು ಪ್ರೀತಿ ಎಂದು ಬಹಳ ಕಾಲ ಕಾಣುವುದೇ ಇಲ್ಲ, ಏಕೆಂದರೆ ಅವನು ಪ್ರೀತಿಯನ್ನು ಓದಲು ಕಲಿತದ್ದು ಬೇರೆ ಲಿಪಿಯಲ್ಲಿ.

ಹೆಜ್ಜೆ 7: ಒಂದು ವಸ್ತು ಹಿಡಿದು ಕೊನೆತನಕ ಹೋಗಿ

ಮಕ್ಕಳಿಗೆ ಇದು ಆಟದಂತೆ ಇಷ್ಟವಾಗುತ್ತದೆ. ಕೂರುವ ಮೊದಲು ಒಬ್ಬೊಬ್ಬರು ಒಂದೊಂದು ವಸ್ತು ಆರಿಸಿಕೊಳ್ಳಲಿ: ಚಪ್ಪಲಿ, ಹೆಸರು, ಫೋನ್, ಒಲೆ, ಮೆಟ್ಟಿಲು. ಸಿನಿಮಾ ಉದ್ದಕ್ಕೂ ಅದು ಬಂದಾಗೆಲ್ಲ ಗುರುತು ಹಾಕಿಕೊಳ್ಳುವುದು.

ಶೂ ಹಿಡಿದು ಹೊರಟವರಿಗೆ ‘ದಿ ನೇಮ್‌ಸೇಕ್’ನಲ್ಲಿ ಆ ಆರಂಭದ ದೃಶ್ಯ ಇನ್ನೊಮ್ಮೆ ಎದುರಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವರು ಒಬ್ಬರೇ ಇದ್ದ ಕ್ಲೀವ್‌ಲ್ಯಾಂಡಿನ ಮನೆಗೆ ಗೋಗೋಲ್ ಹೋಗುತ್ತಾನೆ. ಅಲ್ಲಿ ಅಪ್ಪನ ಶೂ. ಕಾಲು ಹಾಕಿ ನೋಡುತ್ತಾನೆ. ಅಮ್ಮ ಮದುವೆಗೆ ಮುಂಚೆ ಮಾಡಿದ್ದನ್ನೇ ಮಗ ಅಪ್ಪ ಹೋದ ಮೇಲೆ ಮಾಡುತ್ತಿದ್ದಾನೆ, ಅವನಿಗೆ ಆ ಕತೆ ಗೊತ್ತಿಲ್ಲ. ನೋಡುವ ನಮಗೆ ಗೊತ್ತು. ನನ್ನ ಪಕ್ಕ ಕೂತವಳು ಶೂ ಆರಿಸಿಕೊಂಡಿದ್ದಳು. ಆ ಕ್ಷಣ ಪೆನ್ನು ಕೆಳಗಿಟ್ಟು ಅಜ್ಜಿಯ ಕೈ ಹಿಡಿದುಕೊಂಡಳು.

ಹೆಸರು ಹಿಡಿದವರಿಗೆ ಕೆಲಸ ಹೆಚ್ಚು. ಬೆಂಗಾಲಿ ಮನೆಗಳಲ್ಲಿ ಮನೆಯವರು ಕರೆಯುವ ಹೆಸರು ಒಂದು, ಹೊರಗಿನ ಹೆಸರು ಇನ್ನೊಂದು. ಗೋಗೋಲ್ ಎಂಬ ಮನೆಯ ಹೆಸರು ಹೊರಗೂ ಅಂಟಿಕೊಂಡು, ಮುಂದೆ ಅವನು ನಿಖಿಲ್ ಆಗಿ, ನಿಕ್ ಆಗುತ್ತಾನೆ. ‘ಪಾಸ್ಟ್ ಲೈವ್ಸ್’ನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಕೆನಡಾದ ಟೊರಾಂಟೊಗೆ ಹೊರಟ ಹನ್ನೆರಡರ ಹುಡುಗಿ ನಾ ಯಂಗ್ ದೇಶ ಬಿಡುವ ಮೊದಲೇ ನೋರಾ ಆಗುತ್ತಾಳೆ. ಜೆಸ್ ಮನೆಯಲ್ಲಿ ಜೆಸ್ಮಿಂದರ್. ಪ್ರೀತಿಸಿದವರು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನು ಬರೆದುಕೊಳ್ಳಿ. ನಮ್ಮ ಮಕ್ಕಳ ಹೆಸರೂ ಹೊರದೇಶದ ಶಾಲೆಯಲ್ಲಿ ಎಲ್ಲಿ ಕತ್ತರಿಸಿ ಎರಡಕ್ಷರ ಆಗುತ್ತದೆ ಎಂದು ಕೇಳಿ ನೋಡಿ. ಉತ್ತರ ಕೊಡಲು ಅವರು ಕಾಯುತ್ತಿರುತ್ತಾರೆ.

ಮೆಟ್ಟಿಲು ಆರಿಸಿಕೊಂಡವರು ‘ಪಾಸ್ಟ್ ಲೈವ್ಸ್’ ನೋಡಲಿ. ಶಾಲೆ ಬಿಟ್ಟು ದಿನಾ ಜೊತೆಗೆ ಬರುವ ಇಬ್ಬರು ಮಕ್ಕಳು ಕೊನೆಯ ದಿನ ದಾರಿ ಕವಲೊಡೆಯುವಲ್ಲಿ ಬೇರೆಯಾಗುತ್ತಾರೆ. ಹುಡುಗಿ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾಳೆ, ಹುಡುಗ ಹೇ ಸಂಗ್ ನೇರ ಓಣಿಯಲ್ಲಿ ನಡೆಯುತ್ತಾನೆ. ಕ್ಯಾಮೆರಾ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದು ಸುಮ್ಮನೆ ನಿಂತಿರುತ್ತದೆ.

ಹೆಜ್ಜೆ 8: ಬೇರೆಯವರ ಮನೆಯ ಊಟದ ಮೇಜಿನ ಬಳಿ ನಿಧಾನಿಸಿ

ಹರೆಯದ ಪ್ರೀತಿ ಈ ಸಿನಿಮಾಗಳಲ್ಲಿ ಎರಡನೇ ವಲಸೆ ಇದ್ದಂತೆ. ಅಪ್ಪ ಅಮ್ಮ ದೇಶ ದಾಟಿದರು, ಮಕ್ಕಳು ಇನ್ನೊಂದು ಮನೆಯ ಹೊಸಿಲು ದಾಟುತ್ತಾರೆ. ಅದು ನಡೆಯುವುದು ಹೆಚ್ಚಾಗಿ ಊಟದ ಮೇಜಿನಲ್ಲಿ. ಆದ್ದರಿಂದ ಆ ದೃಶ್ಯಗಳನ್ನು ಬೇಕೆಂದೇ ಎರಡೆರಡು ಸಲ ನೋಡಿ.

ಭಾರತೀಯರಲ್ಲದವರ ಉದಾಹರಣೆ ಇಲ್ಲಿ ಕಣ್ಣು ತೆರೆಸುತ್ತದೆ. ಜಾನ್ ಕ್ರೌಲಿ ಅವರ ‘ಬ್ರೂಕ್ಲಿನ್’ (2015) 1950ರ ದಶಕದ ಕತೆ. ಐರ್ಲೆಂಡಿನ ಎನ್ನಿಸ್ಕಾರ್ತಿಯಿಂದ ಬಂದ ಐಲಿಷ್‌ಗೆ ಇಟಲಿ ಮೂಲದ ಪ್ಲಂಬರ್ ಟೋನಿ ಮನೆಗೆ ಊಟಕ್ಕೆ ಕರೆ ಬರುತ್ತದೆ. ಹೋಗುವ ಮೊದಲು ಬೋರ್ಡಿಂಗ್ ಮನೆಯ ಹುಡುಗಿಯರು ಅವಳಿಗೆ ಸ್ಪಗೆಟ್ಟಿ ಚೆಲ್ಲದೆ ಸುತ್ತಿ ತಿನ್ನುವುದು ಹೇಗೆಂದು ಹೇಳಿಕೊಡುತ್ತಾರೆ. ಮೇಜಿನ ಮುಂದೆ ಟೋನಿಯ ಪುಟ್ಟ ತಮ್ಮ, ನಮಗೆ ಐರಿಶ್ ಜನ ಇಷ್ಟವಿಲ್ಲ ಎಂದುಬಿಡುತ್ತಾನೆ. ಎರಡೂ ಮನೆಯವರು ಕಡಲು ದಾಟಿ ಬಂದವರೇ, ಇಬ್ಬರೂ ಬಿಳಿಯರೇ, ಇಬ್ಬರೂ ಕ್ಯಾಥೊಲಿಕ್ಕರೇ. ಆದರೂ ಒಂದು ತಟ್ಟೆ ಸ್ಪಗೆಟ್ಟಿಗೆ ತಾಲೀಮು ಬೇಕು. ‘ನಮ್ಮ ಜಾತಿ ಜನಕ್ಕೇ ಹೀಗೆ’ ಎನ್ನುವ ಹಿರಿಯರೂ ಇದನ್ನು ನೋಡಿದರೆ ಸಮಾಧಾನದಿಂದ ಮಾತಾಡುತ್ತಾರೆ.

ಇದರ ಕಹಿ ರೂಪ ಗೋಗೋಲ್‌ನ ಸ್ವಂತದ್ದಲ್ಲದ ಮನೆಯಲ್ಲಿದೆ: ಮ್ಯಾಕ್ಸಿನ್‌ಳ ಹೆತ್ತವರ ಮನೆ. ಅಲ್ಲಿ ಅವನು ತನ್ನ ಮನೆಯನ್ನು ಮರೆಯುವಷ್ಟು ಹಾಯಾಗಿರುತ್ತಾನೆ. ಅಪ್ಪ ಸತ್ತಾಗ ಮ್ಯಾಕ್ಸಿನ್ ಪ್ರೀತಿಯಿಂದಲೇ ಬರುತ್ತಾಳೆ, ಕಪ್ಪು ಉಡುಪು ತೊಟ್ಟು. ಮನೆ ತುಂಬ ಬಿಳಿ ಉಟ್ಟವರು. ಅವಳದೇನೂ ತಪ್ಪಿಲ್ಲ, ಅವಳ ನಾಡಿನಲ್ಲಿ ಸೂತಕದ ಬಣ್ಣ ಅದೇ. ಇಲ್ಲಿ ಪಾಜ್ ಮಾಡಿ. ಕೋಣೆಯಲ್ಲಿರುವ ಚಿಕ್ಕವರನ್ನು ಕೇಳಿ: ಅವಳಿಗೆ ಮೊದಲೇ ಹೇಳಬೇಕಾದವರು ಯಾರಾಗಿದ್ದರು?

ಹೆಜ್ಜೆ 9: ಮಾತಿಗೆ ಸರಿಯಾದ ಪ್ರಶ್ನೆ ಇಟ್ಟುಕೊಳ್ಳಿ

‘ಯಾರದು ಸರಿ?’ ಎಂದು ಕೇಳಿದರೆ ಐದು ನಿಮಿಷದಲ್ಲಿ ಕೋಣೆ ಎರಡು ಪಾರ್ಟಿಯಾಗುತ್ತದೆ. ‘ನೀನು ಹೀಗೆ ಮಾಡ್ತೀಯಾ?’ ಎಂದು ಮಗಳನ್ನು ಕೇಳುವುದು ವಿಚಾರಣೆ. ನನಗೆ ಕೆಲಸ ಮಾಡಿದ ಪ್ರಶ್ನೆಗಳು ಇವು. ಈ ಅಪ್ಪ ಹದಿನೇಳರಲ್ಲಿ ಏನಾಗಬೇಕು ಎಂದುಕೊಂಡಿದ್ದ? ಈ ಅಮ್ಮನಿಗೆ ಈ ಊರಲ್ಲಿ ಗೆಳತಿ ಯಾರು? ಹುಡುಗಿ ಹೇಳಿದ ಮೊದಲ ಸುಳ್ಳು ಯಾವುದು, ಅದನ್ನು ಹೇಳದೆ ಇರಲು ಮನೆ ಹೇಗಿರಬೇಕಿತ್ತು? ಮೂರನೆಯದನ್ನು ಕೇಳಿದ ದಿನ ಅಕ್ಕ ವೀಡಿಯೊ ಕಾಲ್‌ನಲ್ಲಿದ್ದಳು. ಮಗಳು ಉತ್ತರ ಹೇಳುವಾಗ ಅಕ್ಕ ಕ್ಯಾಮೆರಾದಿಂದ ಮುಖ ಸರಿಸಿಕೊಂಡಳು, ಕರೆ ಕಟ್ ಮಾಡಲಿಲ್ಲ.

ಹಿರಿಯರ ಕತೆ ಹೊರಬಂದರೆ ಅಡ್ಡ ಬಾಯಿ ಹಾಕಬೇಡಿ, ಫೋನ್ ಹಿಡಿದು ರೆಕಾರ್ಡ್ ಮಾಡಲೂ ಬೇಡಿ. ಹಿಡಿದ ಕೂಡಲೇ ಮಾತು ಭಾಷಣವಾಗುತ್ತದೆ. ಮಲಗುವ ಮುನ್ನ ನೆನಪಿದ್ದಷ್ಟು ಬರೆದಿಡಿ, ಊರು ಮತ್ತು ಇಸವಿ ತಪ್ಪದೆ. ಸಿನಿಮಾದ ಹಾಳೆಯ ಹಿಂಬದಿ ಅದಕ್ಕೇ ಖಾಲಿ ಇದೆ. ನಮ್ಮ ಮನೆಯ ಹಾಳೆಯಲ್ಲಿ ಎಡಕ್ಕೆ ‘ಮೈಸೂರು, 1974’, ಬಲಕ್ಕೆ ‘ಮಾಟುಂಗಾ’, ಕೆಳಗೆ ಮೊಮ್ಮಗಳ ಕೈಬರಹದಲ್ಲಿ ‘ಚಿಂಚ್’ ಎಂದಿದೆ.

ಹೆಜ್ಜೆ 10: ಕ್ರಮ, ಮತ್ತು ಕೊನೆಯ ರಾತ್ರಿ

ಒಂದು ಬೇಸಿಗೆ ರಜೆಗೆ ನಾಲ್ಕು ಸಿನಿಮಾ ಸಾಕು, ನಡುವೆ ವಾರದ ಅಂತರವಿರಲಿ. ಮೊದಲು ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’, ಎಲ್ಲರೂ ನಗುತ್ತಾರೆ. ಆಮೇಲೆ ‘ದಿ ಹಾಫ್ ಆಫ್ ಇಟ್’. ಇದರಲ್ಲಿ ಎಲ್ಲಿ ಚೂ ಪ್ರೀತಿಸುವುದು ಒಬ್ಬ ಹುಡುಗಿಯನ್ನು. ಹಿರಿಯರಿಗೆ ಕತೆ ಹೇಳುವಾಗ ಅದನ್ನೂ ಮುಚ್ಚುಮರೆ ಇಲ್ಲದೆ ಹೇಳಿ, ಮಕ್ಕಳು ನಿಮ್ಮ ದನಿಯನ್ನೇ ಗಮನಿಸುತ್ತಿರುತ್ತಾರೆ. ಮೂರನೆಯದು ‘ದಿ ನೇಮ್‌ಸೇಕ್’. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಅದನ್ನು ಮುಂದಿನ ವರ್ಷಕ್ಕಿಡಿ. ಕೊನೆಗೆ ‘ಪಾಸ್ಟ್ ಲೈವ್ಸ್’.

ಅದನ್ನು ಕೊನೆಗಿಡಲು ಕಾರಣವಿದೆ. ಅದರಲ್ಲಿ ಖಳನಿಲ್ಲ, ಬೇಡ ಎನ್ನುವ ಅಪ್ಪನಿಲ್ಲ. ಹನ್ನೆರಡು ವರ್ಷದ ಬಳಿಕ ಸ್ಕೈಪ್‌ನಲ್ಲಿ ಸಿಕ್ಕ ಗೆಳೆಯರು, ಮತ್ತೂ ಹನ್ನೆರಡು ವರ್ಷಕ್ಕೆ ನ್ಯೂಯಾರ್ಕ್‌ನಲ್ಲಿ ಭೇಟಿಯಾಗುತ್ತಾರೆ. ನೋರಾಗೆ ಮದುವೆಯಾಗಿದೆ, ಗಂಡ ಆರ್ಥರ್ ಒಳ್ಳೆಯವನು. ಅವಳು ನಿದ್ದೆಯಲ್ಲಿ ಕನವರಿಸುವುದು ಕೊರಿಯನ್‌ನಲ್ಲಿ ಮಾತ್ರ, ಅಲ್ಲಿಗೆ ತಾನು ಬರಲಾಗುವುದಿಲ್ಲ ಎಂದು ಅವನು ಹೇಳಿಕೊಳ್ಳುತ್ತಾನೆ. ಅದಕ್ಕೇ ಆ ಭಾಷೆ ಕಲಿಯುತ್ತಿದ್ದಾನೆ. ಕೊನೆಯಲ್ಲಿ ಹೇ ಸಂಗ್‌ನನ್ನು ಕಾರು ಹತ್ತಿಸಿ ನೋರಾ ರಸ್ತೆಯಲ್ಲಿ ನಡೆದು ವಾಪಸು ಬರುತ್ತಾಳೆ. ಮನೆಯ ಮೆಟ್ಟಿಲ ಬಳಿ ಗಂಡ ಕಾಯುತ್ತಿದ್ದಾನೆ. ಅವನ ತೋಳಿನಲ್ಲಿ ಅವಳು ಅಳುತ್ತಾಳೆ. ಹನ್ನೆರಡರಲ್ಲಿ ಬಿಟ್ಟು ಬಂದ ಹುಡುಗಿಗಾಗಿ ಅಳು ಅದು.

ಪರದೆ ಕಪ್ಪಾದ ಮೇಲೆ ಲೈಟ್ ಹಾಕಲು ಅವಸರ ಮಾಡಬೇಡಿ. ಹೆಸರುಗಳು ಪೂರ್ತಿ ಹೋಗಲಿ. ಆ ರಾತ್ರಿ ಪ್ರಶ್ನೆ ಬೇಡ, ಹಾಳೆಯೂ ಬೇಡ. ಬೆಳಗ್ಗೆ ಕಾಫಿ ಸೋಸುವಾಗ ಯಾರಾದರೂ ಶುರು ಮಾಡುತ್ತಾರೆ, ಕಾಯಿರಿ.